ಸಿಡಿಲು, ಸಮುದ್ರ ಮತ್ತು ತಿಮಿಂಗಿಲ: ಎರಡು ಕರಾವಳಿಗಳ ಕಥೆ



ಲಿನ್‌ವುಡ್‌ನಲ್ಲಿ ಮಳೆಗೆ ಬರವಿಲ್ಲ, ಬರವಿರುವುದು ಗುಡುಗಿಗೆ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಆಕಾಶ ಮುಸುಕಿಕೊಂಡೇ ಇದ್ದರೂ ಮಿಂಚು ಕಾಣುವ ದಿನಗಳು ವರ್ಷಕ್ಕೆ ಹತ್ತನ್ನೂ ಮುಟ್ಟುವುದಿಲ್ಲ. ಪೆಸಿಫಿಕ್ ಸಾಗರದ ತಣ್ಣೀರಿನ ಮೇಲೆ ಹಾದುಬರುವ ಗಾಳಿ ಕೆಳಪದರದಲ್ಲಿ ತಂಪಾಗಿ ನಿಶ್ಚಲವಾಗುವುದರಿಂದ, ಸಿಡಿಲಿಗೆ ಬೇಕಾದ ಎತ್ತರದ ಮೋಡಗಳು ಇಲ್ಲಿ ಕಟ್ಟುವುದು ಅಪರೂಪ. ನಮ್ಮ ಕರಾವಳಿ ಮತ್ತು ಮಲೆನಾಡಿನ ಮಾತೇ ಬೇರೆ. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಆಕಾಶ ಕಪ್ಪಾದೊಡನೆ ಹಿರಿಯರು ಅರ್ಜುನನ ಹತ್ತು ಹೆಸರುಗಳನ್ನು ಹೇಳಿಕೊಳ್ಳುತ್ತಿದ್ದುದನ್ನು ನಮ್ಮಲ್ಲಿ ಹಲವರು ಕೇಳಿ ಬೆಳೆದಿದ್ದೇವೆ.

ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಗುಡುಗು ಅಪರಿಚಿತ, ತಿಮಿಂಗಿಲ ಪರಿಚಿತ. ಎಡ್ಮಂಡ್ಸ್‌ನ ದಡದಿಂದಲೋ ಮುಕಿಲ್ಟಿಯೋ ಫೆರಿಯಿಂದಲೋ ಓರ್ಕಾಗಳ ಬೆನ್ನುರೆಕ್ಕೆಯನ್ನು ಕಂಡ ಮಕ್ಕಳು ನಮ್ಮ ಸಂಘದಲ್ಲಿ ಅನೇಕರಿದ್ದಾರೆ. ಇವೆರಡನ್ನೂ ಜೋಡಿಸಿ ಮಕ್ಕಳು ಕೇಳುವ ಪ್ರಶ್ನೆ ಸರಳವಾದುದು: ಸಮುದ್ರಕ್ಕೆ ಸಿಡಿಲು ಬಡಿದರೆ ತಿಮಿಂಗಿಲಕ್ಕೆ ಏನಾಗುತ್ತದೆ? ಪ್ರಶ್ನೆ ಸರಳವಾದರೂ ಅದರ ಉತ್ತರಕ್ಕೆ ದೀರ್ಘವಾದ ಇತಿಹಾಸವಿದೆ. ಅದರ ಒಂದು ಕೊನೆ ನಮ್ಮ ಪುರಾಣದಲ್ಲಿದೆ, ಇನ್ನೊಂದು ಕೊನೆ ನಾವೀಗ ವಾಸಿಸುವ ವಾಷಿಂಗ್ಟನ್ ರಾಜ್ಯದ ಕಡಲಂಚಿನಲ್ಲಿದೆ.

ಮೈನಾಕನಿಗೆ ದೊರೆತ ಆಶ್ರಯ

ಕೃತಯುಗದಲ್ಲಿ ಪರ್ವತಗಳಿಗೆ ರೆಕ್ಕೆಗಳಿದ್ದವೆಂಬ ಕಥೆ ನಮಗೆಲ್ಲ ತಿಳಿದಿದೆ. ಹಾರಾಡುವ ಪರ್ವತಗಳು ಎಲ್ಲಿ ಬಂದು ಬೀಳುವುವೋ ಎಂದು ಋಷಿಗಳೂ ಜೀವಿಗಳೂ ಅಂಜಿದಾಗ, ಇಂದ್ರನು ವಜ್ರಾಯುಧದಿಂದ ಅವುಗಳ ರೆಕ್ಕೆಗಳನ್ನು ಕತ್ತರಿಸುತ್ತ ಬಂದನು. ವಜ್ರಾಯುಧವೆಂದರೆ ಸಿಡಿಲೇ. ಆಗ ವಾಯುದೇವನ ಸಹಾಯದಿಂದ ತಪ್ಪಿಸಿಕೊಂಡ ಒಂದೇ ಒಂದು ಪರ್ವತ ಮೈನಾಕ. ಅದು ಅಡಗಿಕೊಂಡದ್ದು ಸಮುದ್ರದಲ್ಲಿ. ಮುಂದೆ ಹನುಮಂತನು ಲಂಕೆಗೆ ಹಾರುವಾಗ, ವಾಯುವಿನ ಋಣ ತೀರಿಸಲೆಂದು ಅದು ಕಡಲಿನಿಂದ ಮೇಲೆದ್ದು ವಿಶ್ರಾಂತಿಗೆ ಕರೆಯಿತೆಂದು ರಾಮಾಯಣದ ಸುಂದರಕಾಂಡ ಹೇಳುತ್ತದೆ.

ಈ ಕಥೆಯಲ್ಲಿ ಸಿಡಿಲಿನಿಂದ ರಕ್ಷಣೆ ಬೇಡುವ ಜೀವಕ್ಕೆ ಸಮುದ್ರವೇ ಆಶ್ರಯ. ಕಥೆ ಕಟ್ಟಿದವರಿಗೆ ವಿದ್ಯುತ್ತಿನ ನಿಯಮಗಳು ತಿಳಿದಿರಲಿಲ್ಲವೆಂಬುದು ನಿಜ. ಆದರೂ ‘ವಜ್ರಾಯುಧ ಕಡಲಿನ ಆಳವನ್ನು ಮುಟ್ಟದು’ ಎಂಬ ಈ ಕಲ್ಪನೆಯನ್ನು ನೆನಪಿನಲ್ಲಿಟ್ಟುಕೊಳ್ಳೋಣ. ಮುಂದೆ ಉಪಯೋಗಕ್ಕೆ ಬರುತ್ತದೆ.

ಸಿಡಿಲಹಕ್ಕಿಯ ನಾಡಿನಲ್ಲಿ

ನಾವೀಗ ನೆಲೆಸಿರುವ ಈ ಕರಾವಳಿಯ ಮೂಲನಿವಾಸಿಗಳ ಕಥೆಯಲ್ಲಿ ಸಿಡಿಲಿನಿಂದ ತಿಮಿಂಗಿಲಕ್ಕೆ ರಕ್ಷಣೆಯಿಲ್ಲ. ವಾಷಿಂಗ್ಟನ್ ರಾಜ್ಯದ ವಾಯವ್ಯ ತುದಿಯಾದ ಕೇಪ್ ಫ್ಲಾಟರಿಯ ಬಳಿ, ನಿಯಾ ಬೇ ಎಂಬ ಊರಿನಲ್ಲಿ ಮಕಾ ಜನರು ವಾಸಿಸುತ್ತಾರೆ. ಶತಮಾನಗಳ ಕಾಲ ದೇವದಾರಿನ ದೋಣಿಗಳಲ್ಲಿ ಕಡಲಿಗಿಳಿದು ಈಟಿಯಿಂದ ತಿಮಿಂಗಿಲವನ್ನು ಬೇಟೆಯಾಡಿದ ಜನ ಅವರು. 1855ರ ನಿಯಾ ಬೇ ಒಪ್ಪಂದದಲ್ಲಿ ತಮ್ಮ ನೆಲದ ಬಹುಭಾಗವನ್ನು ಬಿಟ್ಟುಕೊಟ್ಟಾಗಲೂ ತಿಮಿಂಗಿಲ ಬೇಟೆಯ ಹಕ್ಕನ್ನು ಅವರು ಉಳಿಸಿಕೊಂಡರು.

1860ರ ದಶಕದಲ್ಲಿ ನಿಯಾ ಬೇಯಲ್ಲಿ ಶಾಲಾ ಶಿಕ್ಷಕರಾಗಿದ್ದ ಜೇಮ್ಸ್ ಸ್ವಾನ್ ಎಂಬವರು ಮಕಾ ಜನರ ನಂಬಿಕೆಗಳನ್ನು ಬರೆದಿಟ್ಟರು. ಅವರ ಗ್ರಂಥವನ್ನು ಸ್ಮಿತ್‌ಸೋನಿಯನ್ ಸಂಸ್ಥೆ ಪ್ರಕಟಿಸಿತು. ಅದರ ಪ್ರಕಾರ ಗುಡುಗೆಂಬುದು ಪರ್ವತದ ಮೇಲೆ ವಾಸಿಸುವ ಒಬ್ಬ ದೈತ್ಯಪುರುಷ. ಅವನ ಆಹಾರ ತಿಮಿಂಗಿಲ. ಹಸಿವಾದಾಗ ಅವನು ಹಕ್ಕಿಯ ತಲೆಯನ್ನೂ ವಿಶಾಲವಾದ ರೆಕ್ಕೆಗಳನ್ನೂ ಧರಿಸಿ ಕಡಲಿನತ್ತ ಹಾರುತ್ತಾನೆ. ಆ ರೆಕ್ಕೆಗಳ ಬಡಿತವೇ ಗುಡುಗು. ಅವನ ಮೈಗೆ ಸುತ್ತಿಕೊಂಡಿರುವ, ಚೂಪಾದ ತಲೆಯ ಜಲಚರವೊಂದೇ ಮಿಂಚು. ತಿಮಿಂಗಿಲ ಕಂಡೊಡನೆ ಅವನು ಅದನ್ನೇ ಈಟಿಯಂತೆ ಎಸೆಯುತ್ತಾನೆ. ಇಂಗ್ಲಿಷಿನಲ್ಲಿ ‘ಥಂಡರ್‌ಬರ್ಡ್’ ಎಂದು ಪ್ರಸಿದ್ಧವಾದ ಈ ಹಕ್ಕಿಯನ್ನು ಕನ್ನಡದಲ್ಲಿ ‘ಸಿಡಿಲಹಕ್ಕಿ’ ಎನ್ನಬಹುದು.

ಆನೆಗಳನ್ನು ಕೊಕ್ಕು ಮತ್ತು ಉಗುರುಗಳಲ್ಲಿ ಎತ್ತಿಕೊಂಡು ಹಾರುವ ಗಂಡಭೇರುಂಡವನ್ನು ಲಾಂಛನವಾಗಿ ಹೊಂದಿರುವ ನಮಗೆ ಈ ಚಿತ್ರ ಅಪರಿಚಿತವೆನಿಸಬಾರದು. ತಮ್ಮ ನೆಲದ ಅತಿದೊಡ್ಡ ಪ್ರಾಣಿಯನ್ನು ಎತ್ತಬಲ್ಲ ಹಕ್ಕಿಯನ್ನು ಒಂದು ಜನ ಕಲ್ಪಿಸಿಕೊಂಡರೆ, ತಮ್ಮ ಕಡಲಿನ ಅತಿದೊಡ್ಡ ಪ್ರಾಣಿಯನ್ನು ಎತ್ತಬಲ್ಲ ಹಕ್ಕಿಯನ್ನು ಇನ್ನೊಂದು ಜನ ಕಲ್ಪಿಸಿಕೊಂಡಿತು.

ಈ ಕಥೆಗೆ ಕೈಯಲ್ಲಿ ಹಿಡಿಯಬಹುದಾದ ಸಾಕ್ಷ್ಯವೂ ಇದೆ. ನಿಯಾ ಬೇಯ ದಕ್ಷಿಣಕ್ಕೆ ಓಜೆಟ್ ಎಂಬಲ್ಲಿ ಮಕಾ ಜನರ ಹಳೆಯ ಗ್ರಾಮವೊಂದರ ಮನೆಗಳು ಶತಮಾನಗಳ ಹಿಂದೆ ಮಣ್ಣಿನ ಕುಸಿತದಲ್ಲಿ ಹೂತುಹೋಗಿದ್ದವು. 1970ರಲ್ಲಿ ಬಿರುಗಾಳಿಯ ಅಲೆಗಳು ದಡವನ್ನು ಕೊರೆದಾಗ ಅವು ಬೆಳಕಿಗೆ ಬಂದವು. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ರಿಚರ್ಡ್ ಡಾಹರ್ಟಿಯವರ ನೇತೃತ್ವದಲ್ಲಿ, ಮಕಾ ಜನರ ಸಹಭಾಗಿತ್ವದಲ್ಲಿ, ಹನ್ನೊಂದು ವರ್ಷ ಉತ್ಖನನ ನಡೆಯಿತು. ಅಲ್ಲಿ ದೊರೆತ ವಸ್ತುಗಳಲ್ಲಿ ತಿಮಿಂಗಿಲದ ಬೆನ್ನುರೆಕ್ಕೆಯ ಆಕಾರದ ಮರದ ಕೆತ್ತನೆಯೊಂದಿದೆ. ಅದರಲ್ಲಿ 700ಕ್ಕೂ ಹೆಚ್ಚು ಸಮುದ್ರ ನೀರುನಾಯಿಯ ಹಲ್ಲುಗಳನ್ನು ಕೂರಿಸಿದ್ದಾರೆ. ಬುಡದಲ್ಲಿ ಆ ಹಲ್ಲುಗಳಿಂದಲೇ ರಚಿಸಿದ ಚಿತ್ರ, ಎರಡು ತಲೆಯ ಸರ್ಪವನ್ನು ಉಗುರುಗಳಲ್ಲಿ ಹಿಡಿದ ಸಿಡಿಲಹಕ್ಕಿಯದು. ತಿಮಿಂಗಿಲದ ರೆಕ್ಕೆಯ ಮೇಲೆಯೇ ಸಿಡಿಲಿನ ಚಿತ್ರ! 1979ರಲ್ಲಿ ನಿಯಾ ಬೇಯಲ್ಲಿ ಆರಂಭವಾದ ಮಕಾ ವಸ್ತುಸಂಗ್ರಹಾಲಯ ಓಜೆಟ್‌ನ ಈ ಸಂಪತ್ತನ್ನು ಕಾಪಾಡಿಕೊಂಡಿದೆ.

1700ರ ಜನವರಿಯ ಒಂದು ರಾತ್ರಿ

ಸಿಡಿಲಹಕ್ಕಿಯ ಕಥೆಯನ್ನು ಬರಿಯ ಕಲ್ಪನೆಯೆಂದು ಬದಿಗಿಡಲು ಇತ್ತೀಚಿನ ಸಂಶೋಧಕರು ಒಪ್ಪುವುದಿಲ್ಲ. ವ್ಯಾಂಕೂವರ್ ದ್ವೀಪದಿಂದ ದಕ್ಷಿಣಕ್ಕೆ ಈ ಇಡೀ ಕರಾವಳಿಯಲ್ಲಿ ಹಕ್ಕಿ ಮತ್ತು ತಿಮಿಂಗಿಲಗಳ ಯುದ್ಧದ ಕಥೆಗಳಿವೆ. ಕೆಲವು ಕಥೆಗಳಲ್ಲಿ ಆ ಯುದ್ಧದಿಂದ ನೆಲ ನಡುಗುತ್ತದೆ, ಕಡಲು ಹಿಂದೆ ಸರಿಯುತ್ತದೆ, ಮತ್ತೆ ಉಕ್ಕಿಬಂದು ದೋಣಿಗಳನ್ನು ಮರಗಳ ಮೇಲೆ ಬಿಡುತ್ತದೆ. 1864ರ ಜನವರಿಯಲ್ಲಿ ಸ್ವಾನ್ ತಮ್ಮ ದಿನಚರಿಯಲ್ಲಿ, ಮಕಾ ಮುಖಂಡರೊಬ್ಬರು ಹೇಳಿದ ಇಂಥದೇ ಕಡಲುಕ್ಕಿನ ವೃತ್ತಾಂತವನ್ನು ಬರೆದಿದ್ದಾರೆ.

1980ರ ದಶಕದಲ್ಲಿ ಭೂವಿಜ್ಞಾನಿ ಬ್ರಯನ್ ಆಟ್‌ವಾಟರ್ ಅವರು ವಾಷಿಂಗ್ಟನ್ನಿನ ಅಳಿವೆಗಳಲ್ಲಿ ಹಠಾತ್ತನೆ ಕುಸಿದು ಉಪ್ಪುನೀರಿಗೆ ಸಿಕ್ಕಿ ಸತ್ತ ಕಾಡುಗಳ ಕುರುಹುಗಳನ್ನು ಗುರುತಿಸಿದರು. ಅತ್ತ ಜಪಾನಿನ ಹಳೆಯ ದಾಖಲೆಗಳಲ್ಲಿ, ಭೂಕಂಪದ ಸುಳಿವೇ ಇಲ್ಲದೆ ಬಂದ ಒಂದು ಸುನಾಮಿಯ ಉಲ್ಲೇಖವಿತ್ತು. ಕೆಂಜಿ ಸತಾಕೆ ಮತ್ತು ಸಂಗಡಿಗರು 1996ರಲ್ಲಿ ಎರಡನ್ನೂ ಜೋಡಿಸಿದರು. ಹೀಗೆ 1700ನೇ ಇಸವಿ ಜನವರಿ 26ರ ರಾತ್ರಿ ಸುಮಾರು ಒಂಬತ್ತು ಗಂಟೆಗೆ ಈ ಕರಾವಳಿಯಲ್ಲಿ ಸುಮಾರು 9ರ ತೀವ್ರತೆಯ ಮಹಾಭೂಕಂಪ ಸಂಭವಿಸಿತೆಂದು ನಿರ್ಧಾರವಾಯಿತು. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು ಆಳುತ್ತಿದ್ದ ಕಾಲ ಅದು. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೂತ್ ಲಡ್ವಿನ್ ಮತ್ತು ಸಹಲೇಖಕರು 2005ರಲ್ಲಿ ಮೂಲನಿವಾಸಿಗಳ ಕಥೆಗಳನ್ನು ಸಂಗ್ರಹಿಸಿ, ಅವುಗಳಲ್ಲಿ ಹಲವು ಈ ಭೂಕಂಪದ ನೆನಪನ್ನು ಹೊತ್ತಿವೆಯೆಂದು ತೋರಿಸಿದರು.

ಹಾಗಾದರೆ ಸಿಡಿಲಹಕ್ಕಿಯ ಕಥೆ ನಡುಗುವ ನೆಲ ಮತ್ತು ಉಕ್ಕುವ ಕಡಲನ್ನು ತಲೆಮಾರುಗಳಿಗೆ ದಾಟಿಸಿದ ಚರಿತ್ರೆಯೂ ಹೌದು. ಆದರೆ ನಿಜವಾದ ಸಿಡಿಲು ನಿಜವಾದ ತಿಮಿಂಗಿಲಕ್ಕೆ ಏನು ಮಾಡುತ್ತದೆಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ವಿದ್ಯುತ್ತಿನ ಚರಿತ್ರೆಗೆ ಹೊರಳಬೇಕು.

ಗಾಳಿಪಟ, ಮೀನು, ಹಡಗು

ಸಿಡಿಲು ವಿದ್ಯುತ್ತೇ ಎಂಬುದು ಪ್ರಯೋಗದಿಂದ ಸಿದ್ಧವಾದದ್ದು 1752ರಲ್ಲಿ, ಫ್ರಾನ್ಸಿನಲ್ಲಿ ನೆಟ್ಟ ಲೋಹದ ಕಂಬದಿಂದ ಮತ್ತು ಬೆಂಜಮಿನ್ ಫ್ರಾಂಕ್ಲಿನ್ನರ ಗಾಳಿಪಟದಿಂದ. ಎರಡು ದಶಕಗಳ ಬಳಿಕ, 1772ರಲ್ಲಿ, ಜಾನ್ ವಾಲ್ಶ್ ಎಂಬವರು ಫ್ರಾನ್ಸಿನ ಕಡಲತೀರದಲ್ಲಿ ‘ಟಾರ್ಪೀಡೊ’ ಎಂಬ ತೊರಕೆ ಜಾತಿಯ ಮೀನನ್ನು ಪರೀಕ್ಷಿಸಿ, ಅದು ಕೊಡುವ ಆಘಾತವೂ ವಿದ್ಯುತ್ತೇ ಎಂದು ತೋರಿಸಿದರು. ಮೋಡದಲ್ಲಿರುವ ಶಕ್ತಿಯ ಸಣ್ಣ ರೂಪವೊಂದು ಕಡಲಿನ ಮೀನಿನ ಮೈಯಲ್ಲೂ ಇದೆಯೆಂಬುದು ಆ ಕಾಲದವರಿಗೆ ದೊಡ್ಡ ಬೆರಗಾಯಿತು. ಶಾರ್ಕ್‌ನ ಮೂತಿಯಲ್ಲಿರುವ ಸೂಕ್ಷ್ಮ ರಂಧ್ರಗಳನ್ನು ಇಟಲಿಯ ವೈದ್ಯ ಸ್ಟೆಫಾನೊ ಲೊರೆಂಜಿನಿ 1678ರಲ್ಲೇ ವರ್ಣಿಸಿದ್ದರು. ಅವು ಬೇಟೆಯ ಮೈಯಿಂದ ಹೊಮ್ಮುವ ಅತ್ಯಲ್ಪ ವಿದ್ಯುತ್ತನ್ನು ಗ್ರಹಿಸುವ ಇಂದ್ರಿಯಗಳೆಂದು ತಿಳಿಯಲು ಇಪ್ಪತ್ತನೆಯ ಶತಮಾನವೇ ಬರಬೇಕಾಯಿತು.

ಸಿಡಿಲಿಗೆ ಹೆಚ್ಚು ಹೆದರಬೇಕಾಗಿದ್ದವರು ನಾವಿಕರು. ವಿಶಾಲವಾದ ಬಯಲಿನಲ್ಲಿ ಒಂಟಿಯಾಗಿ ನಿಂತ ತಾಳೆಮರದಂತೆ, ಕಡಲಿನ ನಡುವೆ ಮರದ ಹಡಗಿನ ಕೂವೆಮರವೇ ಅತಿ ಎತ್ತರದ ವಸ್ತು. ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ವೈದ್ಯರಾಗಿದ್ದ ವಿಲಿಯಂ ಸ್ನೋ ಹ್ಯಾರಿಸ್ ತಮ್ಮ ವೃತ್ತಿಯನ್ನು ಬದಿಗಿಟ್ಟು ಈ ಸಮಸ್ಯೆಯನ್ನು ಕೈಗೆತ್ತಿಕೊಂಡರು. ಕೂವೆಮರದ ತುದಿಯಿಂದ ಹಡಗಿನ ತಳದವರೆಗೆ ತಾಮ್ರದ ಪಟ್ಟಿಗಳನ್ನು ಹುದುಗಿಸಿ, ಸಿಡಿಲನ್ನು ನೇರವಾಗಿ ಸಮುದ್ರಕ್ಕೆ ಇಳಿಸುವ ವ್ಯವಸ್ಥೆ ಅವರದು. 1831ರಲ್ಲಿ ಚಾರ್ಲ್ಸ್ ಡಾರ್ವಿನ್ನರನ್ನು ಹೊತ್ತು ಹೊರಟ ಬೀಗಲ್ ಹಡಗಿಗೆ ಈ ಪಟ್ಟಿಗಳನ್ನು ಅಳವಡಿಸಲಾಗಿತ್ತು. 1840ರ ದಶಕದಲ್ಲಿ ಬ್ರಿಟಿಷ್ ನೌಕಾಪಡೆ ಈ ವ್ಯವಸ್ಥೆಯನ್ನು ಒಪ್ಪಿಕೊಂಡಿತು. ಸಿಡಿಲನ್ನು ಕಡಲಿಗೆ ಒಪ್ಪಿಸಿದರೆ ಅದು ಕ್ಷಣದಲ್ಲಿ ನಿರಪಾಯವಾಗುತ್ತದೆಂಬುದೇ ಹ್ಯಾರಿಸರ ಇಡೀ ಉಪಾಯದ ತಿರುಳು.

ನೀರಿನೊಳಗೆ ನಡೆಯುವುದೇನು?

ಏಕೆ ನಿರಪಾಯವಾಗುತ್ತದೆ? ಸಮುದ್ರದ ನೀರು ಉಪ್ಪಿನಿಂದಾಗಿ ಉತ್ತಮ ವಿದ್ಯುದ್ವಾಹಕ. ಸಿಹಿನೀರಿಗಿಂತ ನೂರಾರು ಪಟ್ಟು ಉತ್ತಮ. ಸಿಡಿಲಿನ ಪ್ರವಾಹ ನೀರನ್ನು ಮುಟ್ಟಿದೊಡನೆ ಎಲ್ಲ ದಿಕ್ಕಿಗೂ ಹರಡಿ ತೆಳುವಾಗುತ್ತದೆ. ಸಾಮಾನ್ಯ ಸಿಡಿಲೊಂದರ ಗರಿಷ್ಠ ಪ್ರವಾಹ ಸುಮಾರು 30,000 ಆಂಪಿಯರ್. ಅದು ಅರ್ಧಗೋಳದಂತೆ ಸಮವಾಗಿ ಹರಡುತ್ತದೆಂದು ಇಟ್ಟುಕೊಂಡು ಸರಳ ಲೆಕ್ಕ ಹಾಕೋಣ. ಬಡಿದ ಸ್ಥಳದಿಂದ 10 ಮೀಟರ್ ದೂರದಲ್ಲಿ, ಒಂದು ಮೀಟರ್ ಅಂತರದ ಎರಡು ಬಿಂದುಗಳ ನಡುವೆ ಸುಮಾರು 12 ವೋಲ್ಟ್ ವ್ಯತ್ಯಾಸವಿರುತ್ತದೆ. 100 ಮೀಟರ್ ದೂರದಲ್ಲಿ ಅದು ಒಂದು ವೋಲ್ಟಿನ ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಇದೇ ಸಿಡಿಲು ಸಿಹಿನೀರಿನ ಸರೋವರಕ್ಕೆ ಬಡಿದರೆ 10 ಮೀಟರ್ ದೂರದಲ್ಲೂ ಮೀಟರಿಗೆ ಸಾವಿರಾರು ವೋಲ್ಟ್ ಇರುತ್ತದೆ.

ಇನ್ನೂ ಒಂದು ವಿಷಯವಿದೆ. ಸಿಡಿಲಿನಂತೆ ಕ್ಷಿಪ್ರವಾಗಿ ಏರಿಳಿಯುವ ಪ್ರವಾಹ ಉತ್ತಮ ವಾಹಕದ ಮೇಲ್ಮೈಯಲ್ಲೇ ಹರಿಯಲು ಬಯಸುತ್ತದೆ. ಆದ್ದರಿಂದ ಸಮುದ್ರದಲ್ಲಿ ಅದರ ಬಹುಪಾಲು ಮೇಲಿನ ಕೆಲವೇ ಮೀಟರುಗಳಲ್ಲಿ ಉಳಿಯುತ್ತದೆ. ಬಡಿದ ಸ್ಥಳದ ಬಳಿ ಮೇಲ್ಮೈಯಲ್ಲಿರುವ ಮೀನು, ಕಡಲಾಮೆ, ಸೀಲ್‌ಗಳಿಗೆ ಅಪಾಯ ನಿಜ. ಮೇಲಿನ ಲೆಕ್ಕಕ್ಕಿಂತ ಹೆಚ್ಚೇ ಇರಬಹುದು. ಆದರೆ ಹತ್ತಿಪ್ಪತ್ತು ಮೀಟರ್ ಆಳದಲ್ಲಿ ಈಜುವ ಜೀವಿಗೆ ಆ ಪ್ರವಾಹ ಬಹುಮಟ್ಟಿಗೆ ತಲುಪುವುದೇ ಇಲ್ಲ. ಮೈನಾಕನ ಕಥೆ ಹೇಳಿದ್ದೂ ಇದನ್ನೇ.

ಪ್ರಾಣಿಯ ಗಾತ್ರವೂ ಇಲ್ಲಿ ಮುಖ್ಯ. 2016ರ ಆಗಸ್ಟ್‌ನಲ್ಲಿ ನಾರ್ವೆಯ ಹಾರ್ಡಾಂಗರ್‌ವಿಡ್ಡ ಪ್ರಸ್ಥಭೂಮಿಯಲ್ಲಿ ಸಿಡಿಲಿಗೆ 323 ಹಿಮಸಾರಂಗಗಳು ಒಟ್ಟಿಗೆ ಸತ್ತವು. ಎಲ್ಲಕ್ಕೂ ನೇರವಾಗಿ ಸಿಡಿಲು ಬಡಿದಿರಲಾರದು. ನೆಲದಲ್ಲಿ ಹರಡಿದ ಪ್ರವಾಹ ಮುಂಗಾಲಿನಿಂದ ಏರಿ, ಎದೆಯ ಮೂಲಕ ಹಾದು, ಹಿಂಗಾಲಿನಿಂದ ಇಳಿಯುತ್ತದೆ. ನಮ್ಮೂರುಗಳಲ್ಲಿ ಮರದ ಕೆಳಗೆ ನಿಂತ ದನಗಳು ಸಾಲಾಗಿ ಸಾಯುವುದೂ ಇದೇ ಕಾರಣಕ್ಕೆ. ಕಾಲುಗಳ ನಡುವಿನ ಅಂತರ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಈ ಲೆಕ್ಕದಲ್ಲಿ 25 ಮೀಟರ್ ಉದ್ದದ ನೀಲಿ ತಿಮಿಂಗಿಲಕ್ಕೆ, ಮೂತಿಯಿಂದ ಬಾಲದವರೆಗಿನ ವೋಲ್ಟ್ ವ್ಯತ್ಯಾಸ ಸಣ್ಣ ಮೀನಿಗಿಂತ ಹೆಚ್ಚಾಗಬೇಕು. ಆದರೆ ಅದರ ಪಾಲಿಗೆ ಎರಡು ಕವಚಗಳಿವೆ. ಒಂದು, ಸುತ್ತಲಿನ ಉಪ್ಪುನೀರು ಪ್ರಾಣಿಯ ದೇಹಕ್ಕಿಂತ ಹಲವು ಪಟ್ಟು ಉತ್ತಮ ವಾಹಕವಾದುದರಿಂದ ಪ್ರವಾಹ ದೇಹವನ್ನು ಬಳಸಿಕೊಂಡೇ ಹರಿಯಲು ಯತ್ನಿಸುತ್ತದೆ. ಎರಡು, ತಿಮಿಂಗಿಲದ ಚರ್ಮದಡಿಯ ದಪ್ಪ ಕೊಬ್ಬಿನ ಪದರ ವಿದ್ಯುತ್ತಿಗೆ ಸುಲಭವಾಗಿ ದಾರಿ ಬಿಡುವುದಿಲ್ಲ.

ವೈದ್ಯವೃತ್ತಿಯಲ್ಲಿರುವ ನನಗೆ ತಿಮಿಂಗಿಲದ ನಿಜವಾದ ದುರ್ಬಲತೆ ಕಾಣುವುದು ಬೇರೆಡೆ. ಸಿಡಿಲು ಮನುಷ್ಯನಲ್ಲಿ ಹೃದಯವನ್ನೂ ಉಸಿರಾಟದ ನರಕೇಂದ್ರವನ್ನೂ ಒಮ್ಮೆಗೇ ಸ್ತಬ್ಧಗೊಳಿಸಬಲ್ಲುದು. ನಾವು ಪ್ರಜ್ಞೆ ತಪ್ಪಿದರೂ ಸಾಮಾನ್ಯವಾಗಿ ಉಸಿರಾಟ ತಾನಾಗಿ ಮುಂದುವರಿಯುತ್ತದೆ. ತಿಮಿಂಗಿಲಕ್ಕೆ ಹಾಗಲ್ಲ, ಅದರ ಪ್ರತಿಯೊಂದು ಉಸಿರೂ ಎಚ್ಚರದಿಂದ, ಮೇಲೆ ಬಂದು, ತಾನೇ ತೆಗೆದುಕೊಳ್ಳುವ ಉಸಿರು. ಉಸಿರಿಗೆ ಬಂದ ಕ್ಷಣದಲ್ಲೇ ಹತ್ತಿರದಲ್ಲಿ ಸಿಡಿಲು ಬಡಿದು ಅದು ಪ್ರಜ್ಞೆ ತಪ್ಪಿದರೆ, ವಿದ್ಯುತ್ತಿಗಿಂತ ನೀರೇ ಅದರ ಪ್ರಾಣ ತೆಗೆಯಬಹುದು. ಆದರೆ ತಿಮಿಂಗಿಲ ಮೇಲ್ಮೈಯಲ್ಲಿ ಕಳೆಯುವ ಹೊತ್ತು ಅಲ್ಪ. ಸಿಡಿಲೂ ನೆಲಕ್ಕೆ ಹೋಲಿಸಿದರೆ ಕಡಲಿನ ಮೇಲೆ ಸುಮಾರು ಹತ್ತನೆಯ ಒಂದು ಭಾಗ ಮಾತ್ರ. ಈ ಎರಡೂ ಕೂಡಿಬರುವ ಸಂದರ್ಭ ಅತಿ ವಿರಳ.

ಕಿವಿಯ ಮಾತು

ವಿದ್ಯುತ್ತು ಆಳಕ್ಕೆ ಇಳಿಯದು, ಶಬ್ದ ಇಳಿಯುತ್ತದೆ. ಸಿಡಿಲು ತಾಕಿದ ಮಾನವರಲ್ಲಿ ಕಿವಿಯ ತಮಟೆ ಹರಿಯುವುದು ಸಾಮಾನ್ಯ ಗಾಯಗಳಲ್ಲೊಂದು. ಸಿಡಿಲಿನ ದಾರಿಯಲ್ಲಿ ಗಾಳಿ ಸುಮಾರು 30,000 ಡಿಗ್ರಿ ಸೆಲ್ಸಿಯಸ್‌ಗೆ ಕಾದು ಸ್ಫೋಟಿಸುವುದೇ ಇದಕ್ಕೆ ಕಾರಣ. ಅದೇ ಸ್ಫೋಟ ನೀರಿನ ಮೇಲ್ಮೈಯಲ್ಲಿ ನಡೆದಾಗ ಒಂದು ಆಘಾತದ ಅಲೆ ಕಡಲಿನೊಳಕ್ಕೂ ನುಗ್ಗುತ್ತದೆ. 1980ರ ದಶಕದಿಂದ ಶಬ್ದವಿಜ್ಞಾನಿಗಳು ಇದನ್ನು ಅಧ್ಯಯನ ಮಾಡಿದ್ದಾರೆ. ಬಡಿದ ಸ್ಥಳದಿಂದ ಒಂದು ಮೀಟರ್ ದೂರದಲ್ಲಿ ಸುಮಾರು 260 ಡೆಸಿಬೆಲ್ ಎಂಬುದು ಅವರ ಅಂದಾಜು. ನೀರಿನ ಡೆಸಿಬೆಲ್ ಮತ್ತು ಗಾಳಿಯ ಡೆಸಿಬೆಲ್ ಒಂದೇ ಅಳತೆಗೋಲಲ್ಲ. ನೀರಿನ ಅಂಕಿಯಿಂದ ಸುಮಾರು 60 ಕಳೆದರೆ ಮಾತ್ರ ಹೋಲಿಕೆ ಸಾಧ್ಯ. ಹಾಗಿದ್ದರೂ ಇದು ಕಡಲಿನ ಅತಿ ಗಟ್ಟಿ ಶಬ್ದಗಳಲ್ಲೊಂದು. ದೂರ ಹತ್ತು ಪಟ್ಟಾದಾಗ 20 ಡೆಸಿಬೆಲ್ ಇಳಿಯುವ ನಿಯಮದಂತೆ, ದೊಡ್ಡ ತಿಮಿಂಗಿಲಗಳ ಕಿವಿಗೆ ಹಾನಿಯಾಗಬಹುದಾದ ವಲಯ ಸುಮಾರು ನೂರು ಮೀಟರಿನ ಆಸುಪಾಸು. ಸೂಕ್ಷ್ಮ ಶ್ರವಣದ ಪುಟ್ಟ ಪಾರ್ಪಾಯ್ಸ್‌ಗಳಿಗೆ ಅದು ಹಲವು ನೂರು ಮೀಟರ್.

ತಿಮಿಂಗಿಲಕ್ಕೆ ಕಿವಿಯೆಂದರೆ ನಮಗೆ ಕಣ್ಣಿದ್ದಂತೆ. ಬೆಳಕು ಬೇಗನೆ ಅಳಿಯುವ ನೀರಿನಲ್ಲಿ ದಾರಿ, ಆಹಾರ, ಮರಿ, ಬಳಗ ಎಲ್ಲವನ್ನೂ ಅದು ಶಬ್ದದಿಂದಲೇ ಕಂಡುಕೊಳ್ಳುತ್ತದೆ. ಆದರೂ ಸಿಡಿಲಿನ ಶಬ್ದ ಕ್ಷಣಮಾತ್ರದ್ದು. ದೀಪಾವಳಿಯಲ್ಲಿ ಹತ್ತಿರ ಸಿಡಿದ ಒಂದು ಪಟಾಕಿಗೂ, ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳ ನಡುವೆ ಇಪ್ಪತ್ತು ವರ್ಷ ದುಡಿಯುವುದಕ್ಕೂ ಇರುವ ಅಂತರವನ್ನು ಯೋಚಿಸಿ. ಮೊದಲನೆಯದರಿಂದ ಬಹುತೇಕ ಕಿವಿಗಳು ಚೇತರಿಸಿಕೊಳ್ಳುತ್ತವೆ. ಎರಡನೆಯದು ಸದ್ದಿಲ್ಲದೆ, ಗೊತ್ತಾಗದಂತೆ, ಶ್ರವಣವನ್ನು ಸವೆಸಿಬಿಡುತ್ತದೆ. ತಿಮಿಂಗಿಲಗಳ ಇಂದಿನ ಕಷ್ಟ ಈ ಎರಡನೆಯ ಬಗೆಯದು.

ನಾವೇ ಎಬ್ಬಿಸಿದ ಸಿಡಿಲು

ಜಗತ್ತಿನ ಸಿಡಿಲುಗಳನ್ನು ಎಣಿಸುವ ಜಾಲವೊಂದರ ಕೇಂದ್ರ ನಮ್ಮ ನೆರೆಯಲ್ಲೇ, ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿದೆ. ಪ್ರಾಧ್ಯಾಪಕ ರಾಬರ್ಟ್ ಹೋಲ್ಜ್‌ವರ್ತ್ ಕಟ್ಟಿ ಬೆಳೆಸಿದ ಈ ಜಾಲ, ಭೂಮಿಯಾದ್ಯಂತ ಹರಡಿರುವ ನಿಲ್ದಾಣಗಳಲ್ಲಿ ಸಿಡಿಲಿನ ರೇಡಿಯೊ ಅಲೆಗಳನ್ನು ಹಿಡಿದು ಅದು ಬಡಿದ ಸ್ಥಳವನ್ನು ಗುರುತಿಸುತ್ತದೆ. 2017ರಲ್ಲಿ ಅದೇ ವಿಶ್ವವಿದ್ಯಾಲಯದ ಜೋಯೆಲ್ ಥಾರ್ನ್‌ಟನ್ ಮತ್ತು ಸಂಗಡಿಗರು ಈ ಜಾಲದ ಹನ್ನೆರಡು ವರ್ಷಗಳ ದಾಖಲೆಯಲ್ಲಿ ಒಂದು ವಿಚಿತ್ರವನ್ನು ಪ್ರಕಟಿಸಿದರು. ಶ್ರೀಲಂಕಾದಿಂದ ಸುಮಾತ್ರಾದ ಕಡೆಗೆ ಹಿಂದೂ ಮಹಾಸಾಗರದಲ್ಲಿ, ಅಲ್ಲಿಂದ ಮುಂದೆ ದಕ್ಷಿಣ ಚೀನಾ ಸಮುದ್ರದಲ್ಲಿ, ಗೆರೆ ಎಳೆದಂತೆ ಸಿಡಿಲುಗಳ ಸಾಲಿತ್ತು. ಅಕ್ಕಪಕ್ಕದ ಕಡಲಿಗಿಂತ ಆ ಗೆರೆಯ ಮೇಲೆ ಸಿಡಿಲು ಸುಮಾರು ಎರಡು ಪಟ್ಟು. ಆ ಗೆರೆಗಳು ಸರಕು ಹಡಗುಗಳ ಹೆದ್ದಾರಿಗಳು!

ಇದರ ವಿವರಣೆ ಹೀಗಿದೆ. ಹಡಗಿನ ಹೊಗೆಯ ಕಣಗಳ ಸುತ್ತ ಮೋಡದ ಹನಿಗಳು ಹೆಚ್ಚು ಸಂಖ್ಯೆಯಲ್ಲಿ, ಆದರೆ ಸಣ್ಣದಾಗಿ, ರೂಪುಗೊಳ್ಳುತ್ತವೆ. ಸಣ್ಣ ಹನಿಗಳು ಬೇಗ ಮಳೆಯಾಗಿ ಬೀಳದೆ ಮೇಲೇರಿ ಹಿಮವಾಗುತ್ತವೆ. ಹಿಮಕಣಗಳ ತಿಕ್ಕಾಟವೇ ಮಿಂಚಿನ ಮೂಲ. 2020ರ ಜನವರಿ 1ರಿಂದ ಅಂತರರಾಷ್ಟ್ರೀಯ ನಿಯಮವು ಹಡಗಿನ ಇಂಧನದಲ್ಲಿ ಗಂಧಕದ ಮಿತಿಯನ್ನು ಶೇಕಡಾ 3.5ರಿಂದ 0.5ಕ್ಕೆ ಇಳಿಸಿತು. ಆ ಬಳಿಕ ಈ ಹೆದ್ದಾರಿಗಳ ಮೇಲಿನ ಸಿಡಿಲು ಸರಿಸುಮಾರು ಅರ್ಧಕ್ಕೆ ಇಳಿಯಿತೆಂದು ಅದೇ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ್ದಾರೆ. ಮನುಷ್ಯನ ನಿರ್ಧಾರವೊಂದು ವಜ್ರಾಯುಧವನ್ನೇ ಸಂಯಮಿಸಿದ ಅಪೂರ್ವ ಉದಾಹರಣೆಯಿದು.

ನವಮಂಗಳೂರಿನಿಂದ ಪೂರ್ವಕ್ಕೆ ಹೊರಟ ಹಡಗೂ ಶ್ರೀಲಂಕಾದ ದಕ್ಷಿಣ ತುದಿಯನ್ನು ಸುತ್ತಿ ಇದೇ ಹೆದ್ದಾರಿಯನ್ನು ಸೇರುತ್ತದೆ. ಆ ತುದಿಯ ಬಳಿಯ ಕಡಲು ನೀಲಿ ತಿಮಿಂಗಿಲಗಳ ನೆಲೆ. ಅಲ್ಲಿ ಅವು ಸಾಯುವುದು ಹಡಗಿನ ಡಿಕ್ಕಿಯಿಂದ. 2022ರಿಂದ ದೊಡ್ಡ ಹಡಗು ಸಂಸ್ಥೆಯಾದ ಎಂ.ಎಸ್.ಸಿ. ತನ್ನ ಹಡಗುಗಳನ್ನು ಅಲ್ಲಿ ಇನ್ನಷ್ಟು ದಕ್ಷಿಣಕ್ಕೆ ಸರಿಸಿ ಓಡಿಸುತ್ತಿದೆ.

ನಮ್ಮ ಪ್ಯೂಜೆಟ್ ಸೌಂಡ್‌ನ ಕಥೆಯೂ ಇದಕ್ಕಿಂತ ಭಿನ್ನವಲ್ಲ. ಲಿನ್‌ವುಡ್‌ನಿಂದ ಮುಕಿಲ್ಟಿಯೋ ಫೆರಿ ಹಿಡಿದರೆ ತಲುಪುವ ವಿಡ್ಬಿ ದ್ವೀಪದ ಪೆನ್ ಕೋವ್ ಎಂಬ ಕೊಲ್ಲಿಯಲ್ಲಿ, 1970ರ ಆಗಸ್ಟ್‌ನಲ್ಲಿ, ದೋಣಿಗಳಿಂದಲೂ ನೀರಿನಲ್ಲಿ ಸಿಡಿಸುವ ಮದ್ದಿನಿಂದಲೂ ಸುಮಾರು 80 ಓರ್ಕಾಗಳನ್ನು ಬೆದರಿಸಿ ಕೂಡಿಹಾಕಲಾಯಿತು. ಮನುಷ್ಯನೇ ಸಿಡಿಲಹಕ್ಕಿಯಾದ ದಿನ ಅದು. ಏಳು ಮರಿಗಳನ್ನು ಪ್ರದರ್ಶನಾಲಯಗಳಿಗೆ ಮಾರಲಾಯಿತು. ಐದು ಓರ್ಕಾಗಳು ಸತ್ತವು. ಮಾರಾಟವಾದ ಮರಿಗಳಲ್ಲಿ ಒಂದಾದ ಟೋಕಿಟೇ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಮಯಾಮಿಯ ಕೊಳದಲ್ಲಿ ಬದುಕಿ 2023ರ ಆಗಸ್ಟ್‌ನಲ್ಲಿ ಸತ್ತಿತು. 2003ರ ಮೇ 5ರಂದು ಹ್ಯಾರೊ ಜಲಸಂಧಿಯಲ್ಲಿ ನೌಕಾಪಡೆಯ ಶೌಪ್ ಎಂಬ ಹಡಗು ಸೋನಾರ್ ಬಳಸಿದಾಗ ಸಮೀಪದಲ್ಲಿದ್ದ ಓರ್ಕಾಗಳು ಕಂಗೆಟ್ಟು ವರ್ತಿಸಿದುದನ್ನು ದಡದ ವೀಕ್ಷಕರು ದಾಖಲಿಸಿದರು. ದಕ್ಷಿಣದ ನಿವಾಸಿ ಓರ್ಕಾಗಳೆಂದು ಕರೆಯುವ ಈ ಬಳಗ 2005ರಿಂದ ಅಳಿವಿನಂಚಿನ ಪಟ್ಟಿಯಲ್ಲಿದೆ. 2024ರ ಜುಲೈ ಗಣತಿಯಲ್ಲಿ ಉಳಿದಿದ್ದುದು 73. ಸಾಲ್ಮನ್ ಮೀನಿನ ಕೊರತೆ, ನೀರಿನ ವಿಷ, ಹಡಗುಗಳ ಗದ್ದಲ ಇವು ಮೂರೂ ಸೇರಿ ಅವುಗಳನ್ನು ಕಾಡುತ್ತಿವೆ.

ಇವುಗಳಲ್ಲಿ ಗದ್ದಲವನ್ನು ಮಾತ್ರ ನಾವು ಇಂದೇ ತಗ್ಗಿಸಬಲ್ಲೆವು. ಹಡಗು ನಿಧಾನಿಸಿದ ಕ್ಷಣವೇ ಕಡಲು ಶಾಂತವಾಗುತ್ತದೆ. 2022ರ ಶರತ್ಕಾಲದಿಂದ ‘ಕ್ವಯಟ್ ಸೌಂಡ್’ ಕಾರ್ಯಕ್ರಮದಡಿ ದೊಡ್ಡ ಹಡಗುಗಳು ಅಡ್ಮಿರಾಲ್ಟಿ ಇನ್ಲೆಟ್ ಮತ್ತು ಉತ್ತರ ಪ್ಯೂಜೆಟ್ ಸೌಂಡ್‌ನಲ್ಲಿ ಸ್ವಇಚ್ಛೆಯಿಂದ ವೇಗ ತಗ್ಗಿಸುತ್ತಿವೆ. 2025ರ ಜನವರಿಯಿಂದ ರಾಜ್ಯದ ಕಾನೂನು, ಈ ಓರ್ಕಾಗಳಿಂದ ದೋಣಿಗಳು 1,000 ಗಜ ದೂರವಿರಬೇಕೆಂದು ವಿಧಿಸಿದೆ. ಬೇಸಿಗೆಯಲ್ಲಿ ದೋಣಿ ಬಾಡಿಗೆಗೆ ಪಡೆಯುವ ನಮ್ಮ ಕುಟುಂಬಗಳಿಗೂ ಇದು ಅನ್ವಯಿಸುತ್ತದೆ.

ಮನೆಮಂದಿಗೆ ಕೆಲವು ಮಾತು

ಸಮುದ್ರ ತಿಮಿಂಗಿಲಕ್ಕೆ ಆಶ್ರಯವಾದರೂ ಈಜುವ ಮನುಷ್ಯನಿಗೆ ಅಲ್ಲ. ನಮ್ಮ ತಲೆ ನೀರಿನ ಮೇಲಿರುತ್ತದೆ, ಮೈ ಮೇಲ್ಪದರದಲ್ಲೇ ಇರುತ್ತದೆ. ಲೇಕ್ ವಾಷಿಂಗ್ಟನ್‌ನಂತಹ ಸಿಹಿನೀರಿನಲ್ಲಂತೂ ಅಪಾಯ ಇನ್ನೂ ಹೆಚ್ಚು. ಗುಡುಗು ಕೇಳಿದೊಡನೆ ನೀರಿನಿಂದ ಹೊರಬಂದು ಕಟ್ಟಡವನ್ನೋ ಮುಚ್ಚಿದ ಕಾರನ್ನೋ ಸೇರಿ, ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಿರಿ.

ಭಾರತದಲ್ಲಿ ಸಿಡಿಲಿಗೆ ವರ್ಷಕ್ಕೆ 2,500ಕ್ಕೂ ಹೆಚ್ಚು ಜನ ಬಲಿಯಾಗುತ್ತಾರೆ. ರಜೆಯಲ್ಲಿ ಊರಿಗೆ ಹೋಗುವವರು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್ ಅಥವಾ ಪುಣೆಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಬಗ್ಗೆ ಹೊಲಗದ್ದೆಯಲ್ಲಿ ದುಡಿಯುವ ಬಂಧುಗಳಿಗೆ ತಿಳಿಸಿಕೊಡಿ. ಸಿಡಿಲು ತಾಕಿದವರ ಮೈಯಲ್ಲಿ ವಿದ್ಯುತ್ ಉಳಿದಿರುತ್ತದೆಂಬ ಭಯದಿಂದ ಅವರನ್ನು ಮುಟ್ಟದೆ ಬಿಡುವುದುಂಟು. ಅದು ತಪ್ಪು, ಮುಟ್ಟಿದರೆ ಅಪಾಯವಿಲ್ಲ. ಹಲವರಿಗೆ ಒಮ್ಮೆಗೇ ಸಿಡಿಲು ತಾಕಿದಾಗ ನರಳುವವರು ಸಾಮಾನ್ಯವಾಗಿ ಬದುಕುತ್ತಾರೆ. ಉಸಿರಿಲ್ಲದೆ, ಸತ್ತವರಂತೆ ಬಿದ್ದವರಿಗೇ ಮೊದಲು ಎದೆ ಒತ್ತಿ ಕೃತಕ ಉಸಿರಾಟ ಕೊಡಬೇಕು. ಹೃದಯ ಮತ್ತೆ ಬಡಿಯತೊಡಗಿದ ಮೇಲೂ ಉಸಿರಾಟ ತಡವಾಗಿ ಮರಳುವುದರಿಂದ, ಆ ಕೆಲವು ನಿಮಿಷಗಳಲ್ಲಿ ನೀವು ಕೊಡುವ ಉಸಿರೇ ಒಂದು ಪ್ರಾಣವನ್ನು ಉಳಿಸಬಹುದು.

ಮುಂದಿನ ದೀರ್ಘ ವಾರಾಂತ್ಯದಲ್ಲಿ ಸಾಧ್ಯವಾದರೆ ಎಡ್ಮಂಡ್ಸ್‌ನಿಂದ ಕಿಂಗ್‌ಸ್ಟನ್‌ಗೆ ಫೆರಿ ಹಿಡಿದು, ಪೋರ್ಟ್ ಏಂಜಲೀಸ್ ದಾಟಿ, ನಿಯಾ ಬೇಗೆ ಮಕ್ಕಳನ್ನು ಕರೆದೊಯ್ಯಿರಿ. ಮಕಾ ಜನರ ಸಿಡಿಲಹಕ್ಕಿಯ ಕಥೆಯನ್ನು ಅಲ್ಲಿ ಅವರಿಂದಲೇ ಕೇಳಿಸಿ. ಮೈನಾಕನ ಕಥೆಯನ್ನು ದಾರಿಯಲ್ಲಿ ನೀವೇ ಹೇಳಿ. ಆಕಾಶದ ಸಿಡಿಲಿನಿಂದ ತಿಮಿಂಗಿಲವನ್ನು ಕಾಪಾಡಲು ಕಡಲು ಸಾಕು. ನಮ್ಮ ಗದ್ದಲದಿಂದ ಅದನ್ನು ಕಾಪಾಡಬೇಕಾದವರು ನಾವೇ ಎಂಬುದು ಎರಡೂ ಕಥೆ ಕೇಳಿದ ಮಕ್ಕಳಿಗೆ ತಾನಾಗಿ ಹೊಳೆಯುತ್ತದೆ.

— ಸಂಘದ ಸ್ವಯಂಸೇವಕ ವೈದ್ಯರು, ಲಿನ್‌ವುಡ್